ಜಾತಕದ ಹಿಂಬದಿ

೭ ಜನವರಿ ೨೦೦೭, ಭಾನುವಾರ

ನನ್ನ ಪತ್ರವನ್ನು ಯಾರೋ ಓದಿದ್ದಾರೆ. ಅನುಮಾನವೇ ಇಲ್ಲ, ಕಣ್ಣಾರೆ ಕಂಡೆ.

ಹೋದ ತಿಂಗಳು ನಂದಿತಾ ನನಗೊಂದು ಇ-ಮೇಲ್ ವಿಳಾಸ ಮಾಡಿಕೊಟ್ಟಳು. ಟೊರಾಂಡೊ ಅನ್ನುವ ಭಾರೀ ಕಂಪನಿಯದು, ಪೂರ್ತಿ ಬಿಟ್ಟಿ. ಈಗ ಜಾತಕಗಳನ್ನು ಯಾರೂ ಅಂಚೆಗೆ ಹಾಕುವುದಿಲ್ಲವಂತೆ, ಎಲ್ಲ ಇದರಲ್ಲೇ ಓಡಾಡುತ್ತವಂತೆ. ಮಗಳು ಕೋಲಾರದ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವವಳು, ಅವಳ ಮಾತಿಗೆ ಆಯಿತು ಅಂದೆ. ಇವತ್ತು ಅವಳಿಗೆ ರಜೆ. ಇಲ್ಲೇ ಮುಳಬಾಗಿಲಿನ ಬಸ್ ಸ್ಟಾಂಡ್ ಪಕ್ಕದ ಗಂಗಾಧರನ ಇಂಟರ್‌ನೆಟ್ ಅಂಗಡಿಗೆ ಕರೆದುಕೊಂಡು ಹೋದಳು. ಶ್ರೀನಿವಾಸಪುರದ ಕಡೆಯ ಜಾತಕ ನೋಡಿಕೊಳ್ಳುವ ಶಾಮಲಮ್ಮನಿಗೆ ಪತ್ರ ಬರೆಸಿದೆ. ನಾನು ಕನ್ನಡದಲ್ಲಿ ಹೇಳಿದೆ, ಅವಳು ಇಂಗ್ಲಿಷಿನಲ್ಲಿ ಕುಟ್ಟಿದಳು: ‘ಚಿಂತಾಮಣಿಯ ಹುಡುಗನಿಗೆ ಮುಂದಲೆಯಲ್ಲಿ ಕೂದಲಿಲ್ಲ, ಫೋಟೋಕ್ಕೆ ಟೋಪಿ ಹಾಕಿಸಿದ್ದಾರೆ, ಹುಷಾರು.’

ಕಳಿಸಿ ಎರಡು ನಿಮಿಷ ಆಗಿರಲಿಲ್ಲ. ಪತ್ರದ ಪಕ್ಕದಲ್ಲೇ ಒಂದು ಜಾಹೀರಾತು ಬಂತು. ‘ಕೂದಲು ಉದುರುತ್ತಿದೆಯೇ? ನಲವತ್ತೇ ದಿನಗಳಲ್ಲಿ ಪರಿಹಾರ.’

“ಇವರಿಗೆ ಯಾರೇ ಹೇಳಿದ್ದು?” ಅಂದೆ.

“ಮೆಷೀನ್ ಓದತ್ತೆ ಅಮ್ಮ, ಮನುಷ್ಯರಲ್ಲ.”

“ಯಾರಾದ್ರೇನೇ, ಓದಿದ್ದು ಓದಿದ್ದೇ ತಾನೆ?”

“ಬಿಟ್ಟಿ ಕೊಡ್ತಾರಲ್ಲ, ಅದಕ್ಕೆ.”

ಬಿಟ್ಟಿ ಕೊಟ್ಟರೆ ಇನ್ನೊಬ್ಬರ ಮನೆಯ ವಿಷಯಕ್ಕೆ ಕಣ್ಣು ಹಾಕಬಹುದೇ? ನಾನು ಮೂವತ್ತೊಂದು ವರ್ಷದಿಂದ ಜಾತಕ ಕೂಡಿಸುತ್ತಿದ್ದೇನೆ. ಮುಳಬಾಗಿಲು, ಕೋಲಾರ, ಮಾಲೂರು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕಿನ ನಮ್ಮವರಲ್ಲಿ ನನ್ನ ಜಾತಕದ ಟ್ರಂಕನ್ನು ದಾಟದೆ ಆದ ಮದುವೆ ಇಲ್ಲ. ಯಾರಿಂದಲೂ ಬಿಡಿಗಾಸು ಮುಟ್ಟಿಲ್ಲ. ಮದುವೆಮನೆಯಲ್ಲಿ ಮುಂದಿನ ಸಾಲಿನ ಕುರ್ಚಿ, ಒಂದು ಸೀರೆ, ‘ಜಾನಕಮ್ಮನವರನ್ನ ಕೇಳಿ’ ಅನ್ನುವ ಮಾತು, ಅಷ್ಟಿದ್ದರೆ ಸಾಕು ನನಗೆ. ಅವರಾಗಿ ಹೇಳಿದ್ದನ್ನು ಬಿಟ್ಟು ಯಾರನ್ನೂ ಏನನ್ನೂ ಕೆದಕಿದವಳಲ್ಲ. ಕೆದಕದೆ ತಾನಾಗಿ ಕಿವಿಗೆ ಬಿದ್ದದ್ದನ್ನು ಮರೆಯಬಾರದೆಂದು ಜಾತಕದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳುತ್ತೇನೆ. ಅದು ಬೇರೆ.

೯ ಜನವರಿ, ಮಂಗಳವಾರ

ಭಜನೆ ಮುಗಿದ ಮೇಲೆ ಎಲ್ಲರಿಗೂ ವಿಷಯ ಹೇಳಿದೆ. ಹೆದರಿದರು. ದೊಡ್ಡಬೀದಿಯ ಇಬ್ಬರು ತಮ್ಮ ಮಕ್ಕಳ ಇ-ಮೇಲನ್ನು ಇವತ್ತೇ ಮುಚ್ಚಿಸುತ್ತೇವೆ ಅಂದರು. ಮುಚ್ಚಿಸುವುದು ಹೇಗೆ ಅಂತ ನನ್ನನ್ನೇ ಕೇಳಿದರು.

ಮನೆಗೆ ಬಂದು ಹಾಲಿನ ಮುನಿಲಕ್ಷ್ಮಿಗೂ ಹೇಳಿದೆ. ಅವಳು ಪಾತ್ರೆ ಕೆಳಗಿಟ್ಟು ಕೇಳಿದಳು.

“ಏಮ್ಮಾ, ಎಲ್ಲಾರ ಮನೆ ವಿಷ್ಯ ತಿಳ್ಕೊಂಡು, ಯಾರಿಗೇನು ಬೇಕೋ ಅದನ್ನ ತೋರ್ಸೋದಾ ಅದ್ರ ಕೆಲ್ಸ?”

“ಹೂಂ.”

“ದುಡ್ಡು ತಗಳಲ್ವಾ?”

“ಇಲ್ಲ.”

“ಅಯ್ಯೋ, ಹಂಗಿದ್ರೆ ನಮ್ ಜಾನಕಮ್ಮನಂಗೇ ಬಿಡಿ, ಒಳ್ಳೇದೇ!”

ಒಳ್ಳೆಯ ಹೆಂಗಸು. ಹಾಲಿಗೆ ಮಾತ್ರ ಸ್ವಲ್ಪ ನೀರು ಹಾಕುತ್ತಾಳೆ.

೨೧ ಜನವರಿ, ಭಾನುವಾರ

ಕಂಪನಿಗೆ ದೂರು ಬರೆದಾಯಿತು. ನಮ್ಮ ಯಜಮಾನರು ಮೂವತ್ತು ವರ್ಷ ತಾಲ್ಲೂಕು ಕಚೇರಿಯಲ್ಲಿ ಊರವರ ಅರ್ಜಿಗಳನ್ನು ನೋಡಿದವರು, ತಾವಾಗಿ ಒಂದನ್ನೂ ಬರೆದವರಲ್ಲ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರು ಮಾಡಿ ಎರಡು ಪುಟ ಇಂಗ್ಲಿಷಿನಲ್ಲಿ ಎಳೆದರು. ಹೆಂಡತಿಯ ಪತ್ರವನ್ನು ಓದುವ ಹಕ್ಕು ಗಂಡನಿಗೂ ಇಲ್ಲದಿರುವಾಗ ಕಂಪನಿಗೆ ಎಲ್ಲಿಂದ ಬಂತು ಎಂಬುದು ಅವರದೇ ಸಾಲು. ಬಹಳ ದಿನದಿಂದ ಮನಸ್ಸಿನಲ್ಲಿತ್ತೇನೋ.

ನಂದಿತಾ ಕಳಿಸಿದಳು. ಕೈ ತೆಗೆಯುವುದರೊಳಗೆ ಉತ್ತರ ಬಂತು. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.’

“ನೋಡಿದ್ಯಾ ಜಾನಕಿ,” ಅಂದರು ಇವರು, “ನಮ್ಮ ಆಫೀಸಿಂದ ಯಾರಿಗೂ ಇಷ್ಟು ಬೇಗ ಉತ್ತರ ಹೋಗಿದ್ದಿಲ್ಲ.”

ನನಗೆ ಸಮಾಧಾನವಾಗಲಿಲ್ಲ. ಎರಡು ಪುಟವನ್ನು ಒಂದು ಕ್ಷಣದಲ್ಲಿ ಯಾರು ಓದುತ್ತಾರೆ? ಓದಬಾರದ ಪತ್ರವನ್ನು ಓದುತ್ತಾರೆ, ಓದಬೇಕಾದ್ದನ್ನು ಓದುವುದಿಲ್ಲ.

೪ ಫೆಬ್ರವರಿ, ಭಾನುವಾರ

ಇವತ್ತು ಅದಕ್ಕೆ ಸರಿಯಾಗಿ ಮಾಡಿದೆ. ನನಗೆ ನಂಗಲಿಯಲ್ಲಿ ಆರು ಲಾರಿಗಳಿವೆ, ಮೂರಕ್ಕೆ ಟೈರು ಸವೆದಿದೆ ಎಂದು ನನಗೆ ನಾನೇ ಪತ್ರ ಬರೆಸಿದೆ. ತಕ್ಷಣ ಪಕ್ಕದಲ್ಲಿ ಟೈರುಗಳು! ತಾಯಲೂರಿನ ನನ್ನ ತೋಟದ ಬೋರ್‌ವೆಲ್ ಕೆಟ್ಟಿದೆ ಎಂದೆ. ಪಂಪು, ಪೈಪು, ಮೋಟಾರು! ನಂದಿತಾ ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ. ಗಂಗಾಧರ ಬೇರೆ ಗಿರಾಕಿಗಳನ್ನು ಬಿಟ್ಟು ಬಂದು ನಿಂತು ನೋಡಿದ.

ಇಷ್ಟು ದೊಡ್ಡ ಕಂಪನಿ, ಹೇಳಿದ್ದನ್ನೆಲ್ಲ ನಂಬುತ್ತದೆ. ಗಂಡಿನ ಕಡೆಯವರು ಸಂಬಳ ಹೇಳಿದರೆ ನಾನು ಮೂರು ಕಡೆ ವಿಚಾರಿಸದೆ ನಂಬಿದ್ದಿಲ್ಲ.

ಮಗಳು ಹೀಗೆ ನಕ್ಕು ಎಷ್ಟು ದಿನವಾಗಿತ್ತು.

೨೫ ಫೆಬ್ರವರಿ, ಭಾನುವಾರ

ಕೇಡು ಮನೆ ಬಾಗಿಲಿಗೇ ಬಂದಿದೆ. ಕಂಪನಿ ‘ಟೊರಾಂಡೊ ವಿವಾಹ’ ಅಂತ ಶುರು ಮಾಡಿದೆ. ಜಾತಕ ಹಾಕಿದರೆ ತಾನೇ ಕೂಡಿಸಿ, ಗುಣ ಎಣಿಸಿ, ಹುಡುಗರನ್ನು ಸಾಲಾಗಿ ತೋರಿಸುತ್ತದೆ. ಮೂವತ್ತಾರು ಗುಣಗಳಲ್ಲಿ ಹದಿನೆಂಟು ಕೂಡಿದರೆ ಸಾಕೆಂದು ಅದಕ್ಕೂ ಗೊತ್ತಿದೆ. ಅದೂ ಬಿಟ್ಟಿ.

ಬೇರೆಯವರ ಹುಡುಗಿಯ ಜಾತಕವೊಂದನ್ನು ಹಾಕಿಸಿ ಪರೀಕ್ಷೆ ಮಾಡಿದೆ. ಮೊದಲು ತೋರಿಸಿದ ನಾಲ್ಕು ಹುಡುಗರೂ ಕಂಪನಿಗೆ ಹಣ ಕಟ್ಟಿದವರಂತೆ. ನಿಜವಾಗಿ ಚೆನ್ನಾಗಿ ಕೂಡುವ ಹುಡುಗ ಮೂರನೇ ಪುಟದಲ್ಲಿ ಮೂಲೆಗೆ ಬಿದ್ದಿದ್ದ. ನನಗೆ ರೇಗಿತು.

“ತನಗೆ ಅನುಕೂಲವಾದದ್ದನ್ನ ಮುಂದಿಟ್ಟು ಹೆಣ್ಣಿಗೆ ಒಳ್ಳೇದಾಗೋದನ್ನ ಹಿಂದಕ್ಕೆ ಹಾಕೋದಾದ್ರೆ, ಇದು ಹುಡುಕಿಕೊಡೋದೋ ಬಚ್ಚಿಡೋದೋ?”

ನಂದಿತಾ ಪರದೆಯನ್ನೇ ನೋಡುತ್ತಿದ್ದಳು.

“ಅಮ್ಮ, ನನ್ನದೂ ಒಂದ್ಸಲ ಹಾಕಿ ನೋಡ್ಲಾ?”

“ಬೇಡ. ನಿಂದು ಕಷ್ಟದ ಜಾತಕ. ಕಂಡಕಂಡವರ ಕೈಗೆ ಸಿಗಬಾರದು.”

“ಇಪ್ಪತ್ತೆಂಟು ತುಂಬ್ತು ಅಮ್ಮ.”

“ನಂಗೊತ್ತಿಲ್ವಾ? ಹೆತ್ತೋಳು ನಾನು.”

ದಾರಿಯಲ್ಲಿ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ನಾನು ಬದನೆಕಾಯಿ ಕೊಂಡೆ.

೧೧ ಮಾರ್ಚ್, ಭಾನುವಾರ

ಶಾಮಲಮ್ಮ ತನ್ನ ಮಗಳ ಜಾತಕವನ್ನು ಟೊರಾಂಡೊಗೆ ಹಾಕಿದ್ದಾಳೆ! ಬೇರೆ ಯಾರಾದರೂ ಆಗಿದ್ದರೆ ಹೋಗಲಿ ಅನ್ನುತ್ತಿದ್ದೆ. ಹತ್ತು ವರ್ಷದ ಹಿಂದೆ ಇವಳೂ ಜಾತಕ ಕೂಡಿಸಲು ಹೊರಟಿದ್ದಳು. ಮೂಲಾ ನಕ್ಷತ್ರದವರನ್ನೂ ಕುಜದೋಷದವರನ್ನೂ ಮಾತ್ರ ಆರಿಸಿ ಅವಳ ಕಡೆಗೆ ಕಳಿಸಿದೆ. ಎರಡು ವರ್ಷದಲ್ಲಿ ಒಂದು ಮದುವೆಯನ್ನೂ ಮಾಡಿಸಲಾರದೆ ಕೈಬಿಟ್ಟಳು. ಆಮೇಲೆ, ಶ್ರೀನಿವಾಸಪುರದ ಕಡೆಯದನ್ನು ನೀನೇ ನೋಡಿಕೊಳ್ಳಮ್ಮ ಎಂದು ನಾನೇ ಕರೆದು ಸೇರಿಸಿಕೊಂಡೆ. ಅದಕ್ಕೆಲ್ಲ ದೊಡ್ಡ ಮನಸ್ಸು ಬೇಕು.

ಟೊರಾಂಡೊ ಕೂಡ ಸಣ್ಣಪುಟ್ಟ ಕಂಪನಿಗಳನ್ನೆಲ್ಲ ಹೀಗೇ ನುಂಗಿ ಬೆಳೆದದ್ದು ಎಂದು ನಂದಿತಾ ಹೇಳಿದಳು. ಎಂಥ ಅನ್ಯಾಯ! ಬೇರೆ ಅಂಗಡಿಯೇ ಇಲ್ಲದ ಹಾಗೆ ಮಾಡಿ, ಆಮೇಲೆ ಎಲ್ಲರೂ ನಮ್ಮಲ್ಲಿಗೇ ಬರುತ್ತಾರೆ ಎಂದು ಮೆರೆಯುವುದು.

೨೫ ಮಾರ್ಚ್, ಭಾನುವಾರ

ಯುಗಾದಿ ಕಳೆದ ವಾರ ನನ್ನ ಜಗುಲಿಯಲ್ಲಿ ಕೂರಲು ಜಾಗ ಇರುವುದಿಲ್ಲ. ಈ ಸಲ ಬಂದವರು ಇಬ್ಬರು. ಒಬ್ಬ ಕರೆಂಟಿನ ಮೀಟರು ನೋಡುವವನು.

೨ ಏಪ್ರಿಲ್, ಸೋಮವಾರ

ಸುಮ್ಮನೆ ಕೂತರೆ ಆಗುವುದಿಲ್ಲ. ಅದರ ಆಯುಧದಿಂದಲೇ ಅದನ್ನು ಹೊಡೆಯಬೇಕು. ನನ್ನ ಹತ್ತಿರ ನಲವತ್ತಾರು ಮನೆಗಳ ಇ-ಮೇಲ್ ವಿಳಾಸಗಳಿವೆ. ಹೆಣ್ಣುಮಕ್ಕಳ ಜಾತಕಗಳನ್ನೆಲ್ಲ ಒಟ್ಟಿಗೆ ಆ ನಲವತ್ತಾರಕ್ಕೂ ಕಳಿಸಿಬಿಟ್ಟರೆ? ಟೊರಾಂಡೊದಲ್ಲಿ ಹುಡುಕುವ ಕಷ್ಟವೇ ಬೇಡ, ಜಾನಕಮ್ಮ ಮನೆಗೇ ಮುಟ್ಟಿಸುತ್ತಾಳೆ.

ನಂದಿತಾಗೆ ಹೇಳಲಿಲ್ಲ, ಹೇಳಿದರೆ ನೂರು ಪ್ರಶ್ನೆ. ಅವಳು ಕೋಲಾರದ ಬಸ್ಸು ಹತ್ತಿದ ಮೇಲೆ ಟ್ರಂಕಿನಿಂದ ಹೆಣ್ಣುಗಳ ಕಟ್ಟನ್ನು ಹಾಗೇ ಎತ್ತಿಕೊಂಡು ಹೋಗಿ ಗಂಗಾಧರನಿಗೆ ಕೊಟ್ಟೆ. ಮೂವತ್ತಮೂರು ಜಾತಕ. ಎಲ್ಲವನ್ನೂ ಫೋಟೋ ತರಹ ತೆಗೆದು ಕಳಿಸುತ್ತಾನಂತೆ.

“ಏನೂ ಬಿಡಬಾರದು ಕಣಪ್ಪ. ಪೂರ್ತಿ ಬರಬೇಕು.”

“ನೀವು ನಿಶ್ಚಿಂತೆಯಾಗಿರಿ ಅಮ್ಮ. ಒಂದು ಚುಕ್ಕಿ ಬಿಡಲ್ಲ.”

೩ ಏಪ್ರಿಲ್, ಮಂಗಳವಾರ

ಸಂಜೆ ನಾಲ್ಕಕ್ಕೆ ಹೋಯಿತಂತೆ. ನಾಳೆಯಿಂದ ಟೊರಾಂಡೊಗೆ ಗೊತ್ತಾಗುತ್ತದೆ.

೪ ಏಪ್ರಿಲ್, ಬುಧವಾರ

ಬೆಳಿಗ್ಗೆ ಆರಕ್ಕೇ ಫೋನು. ಶಾಮಲಮ್ಮ.

“ಅಕ್ಕ, ‘ಕೋಪ ಅಮ್ಮನದು, ಬುದ್ಧಿ ಅಪ್ಪನದು, ಎರಡೂ ಬದಲಾಗಿದ್ದರೆ ಹುಡುಗಿಗೆ ಒಳ್ಳೆಯದಿತ್ತು.’ ಇದು ನಿಮ್ ಕೈಬರಹ ಅಲ್ವಾ?”

ಅದು ಅವಳ ಮಗಳ ಜಾತಕದ ಹಿಂಬದಿ. ನಾನೇ ಬರೆದದ್ದು. ಅವಳಿಗೆ ಹೇಗೆ ಸಿಕ್ಕಿತು?

ಎಂಟು ಗಂಟೆಯೊಳಗೆ ಹನ್ನೊಂದು ಫೋನು ಬಂತು. ಒಬ್ಬರಿಗೆ ‘ವಯಸ್ಸು ಎರಡು ಕಡಿಮೆ ಹೇಳುತ್ತಾರೆ’, ಇನ್ನೊಬ್ಬರಿಗೆ ‘ಹಾಡು ಬರುತ್ತದೆ ಅನ್ನುತ್ತಾರೆ, ಹಾಡಿಸಬೇಡಿ’. ಎಲ್ಲರೂ ತಮ್ಮದನ್ನು ಓದಿ ಬೈದರು. ಬೇರೆಯವರದನ್ನೂ ಬಿಡದೆ ಓದಿಕೊಂಡೇ ಬೈಯುತ್ತಿದ್ದಾರೆಂದು ಅವರ ಮಾತಿನಲ್ಲೇ ಗೊತ್ತಾಗುತ್ತಿತ್ತು.

ಇದು ಆ ಕಂಪನಿಯದೇ ಕೆಲಸ, ಸಂಶಯವಿಲ್ಲ. ಪತ್ರವನ್ನು ಓದುವ ಮೆಷೀನು ಕಾಗದವನ್ನು ಮಗುಚಿ ಹಿಂಬದಿಯನ್ನೂ ಓದದೆ ಬಿಡುತ್ತದೆಯೇ? ಚಪ್ಪಲಿ ಮೆಟ್ಟಿಕೊಂಡು ಗಂಗಾಧರನ ಅಂಗಡಿಗೆ ಓಡಿದೆ.

“ಕಂಪನಿಯಲ್ಲ ಅಮ್ಮ, ನಾನೇ ಎರಡೂ ಕಡೆ ತೆಗ್ದಿದ್ದೀನಿ,” ಅಂದ. “ಪೂರ್ತಿ ಅಂದ್ರಲ್ಲ ನೀವು. ಹಿಂದ್ಗಡೆ ಪೆನ್ಸಿಲ್ ಮಬ್ಬಾಗಿತ್ತು. ಪಾಪ, ಓದೋರಿಗೆ ಕಷ್ಟ ಆಗ್ಬಾರ್ದು ಅಂತ ಕಪ್ಪಗೆ ಮಾಡಿ ಹಾಕ್ದೆ.”

“ವಾಪಸ್ ತರ್ಸೋಕಾಗಲ್ವಾ?”

“ಹೋಯ್ತಲ್ಲಮ್ಮ.”

ಕಟ್ಟನ್ನು ತೆಗೆದುಕೊಂಡು ಅಲ್ಲೇ ನಿಂತು ಒಂದೊಂದಾಗಿ ಎಣಿಸಿದೆ. ಕೊನೆಯದು ನಂದಿತಾಳದು.

ಅವಳ ವಿಳಾಸವೂ ನಲವತ್ತಾರರಲ್ಲಿ ಒಂದು.

೫ ಏಪ್ರಿಲ್, ಗುರುವಾರ

ನಿನ್ನೆ ಅವಳು ಐದೂವರೆಯ ಬಸ್ಸಿಗೆ ಬಂದಳು. ಊಟ ಮಾಡಲಿಲ್ಲ. ಇವತ್ತು ಕೆಲಸಕ್ಕೆ ಹೋಗಲಿಲ್ಲ. ಬೆಳಿಗ್ಗೆ ಕಾಫಿಯ ಹೊತ್ತಿಗೆ ಒಂದು ಹಾಳೆಯನ್ನು ತಂದು ನನ್ನ ಮುಂದಿಟ್ಟಳು. ಅವಳ ಸೆಂಟರಿನಲ್ಲೇ ಅಚ್ಚು ತೆಗೆದದ್ದು. ನನ್ನ ಕೈಬರಹ, ಗಂಗಾಧರನ ದಯದಿಂದ ಕಪ್ಪಗೆ, ಸ್ಪಷ್ಟವಾಗಿ.

‘೨೦೦೧. ಕೋಲಾರ. ಬ್ಯಾಂಕಿನಲ್ಲಿ ಕೆಲಸ. ಗುಣ ೨೬. ಕೂಡಲಿಲ್ಲ ಎಂದು ಹೇಳಿದೆ. ಕೋಲಾರ ದೂರ.’

‘೨೦೦೩. ಮಾಲೂರು ತಾಲ್ಲೂಕು ಲಕ್ಕೂರು. ಮುಕುಂದ್. ಗುಲಾಬಿ ಸಸಿಗಳ ನರ್ಸರಿ. ಗುಣ ೨೮. ಹುಡುಗ ಬಹಳ ಒಳ್ಳೆಯವನು. ಕೂಡಲಿಲ್ಲ ಎಂದು ಹೇಳಿದೆ. ಇವನು ಇನ್ನೂ ದೂರ.’

‘೨೦೦೫. ನಮ್ಮೂರೇ, ಹಿಂದಿನ ಬೀದಿ. ಗುಣ ೩೦. ಕೂಡಲಿಲ್ಲ ಎಂದು ಹೇಳಿದೆ. ತೀರಾ ಹತ್ತಿರ. ಇನ್ನೊಬ್ಬರ ಮನೆಯಲ್ಲಿ ದುಡಿಯುವುದನ್ನು ದಿನಾ ನೋಡಲಾರೆ.’

ಹೀಗೆ ಒಟ್ಟು ಒಂಬತ್ತು. ಕೊನೆಯಲ್ಲಿ: ‘೨೦೦೬. ಈ ವರ್ಷ ಯಾರೂ ಕೇಳಿಕೊಂಡು ಬರಲಿಲ್ಲ. ನೆಮ್ಮದಿ.’

“ಒಂಬತ್ತು ಜನ, ಅಮ್ಮ,” ಅಂದಳು. ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗಬಹುದಾಗಿತ್ತು. “ನೀನು ಟ್ರಂಕ್ ಮುಚ್ಚಿ ಕೂಡಲಿಲ್ಲ ಕಣೇ ಅಂದಾಗೆಲ್ಲ, ನನ್ನಲ್ಲೇ ಏನೋ ಕೆಟ್ಟದ್ದಿದೆ ಅಂದ್ಕೊಂಡೆ. ಆರು ವರ್ಷ ಹಾಗೇ ಅಂದ್ಕೊಂಡಿದ್ದೆ. ನಾಗರಕಲ್ಲಿಗೆ ನಲವತ್ತೆಂಟು ದಿನ ಪ್ರದಕ್ಷಿಣೆ ಹಾಕ್ಸಿದ್ಯಲ್ಲ, ಕುರುಡುಮಲೆ ದೇವಸ್ಥಾನಕ್ಕೆ ಬಿಸಿಲಲ್ಲಿ ನಡೆಸ್ಕೊಂಡು ಹೋದ್ಯಲ್ಲ, ಯಾವ ದೋಷಕ್ಕೆ?”

ಹಾಳೆಯನ್ನು ಮಗುಚಿ ಇಟ್ಟೆ.

“ನೀನು ಹೋದ್ರೆ ನಾನೇನ್ ಮಾಡ್ಲೇ?” ಅಂದೆ. ಅಷ್ಟೇ ಬಂದದ್ದು. ಅಳುವೂ ಬಂತು.

“ಅದನ್ನ ನನಗೆ ಹೇಳ್ಬೇಕಿತ್ತು. ಜಾತಕದ ಹಿಂದೆ ಬರೆದಿಟ್ಟೆ.”

ಇವರು ಮೂಲೆಯಲ್ಲಿ ಪತ್ರಿಕೆ ಹಿಡಿದು ಕೂತಿದ್ದರು. ಪತ್ರಿಕೆ ತಲೆಕೆಳಗಾಗಿತ್ತು. ಮಗಳು ಒಳಗೆ ಹೋದ ಮೇಲೆ ಹೇಳಿದರು, “ತಾಲ್ಲೂಕು ಕಚೇರೀಲಿ ಕೂಡ ನಾನು ಯಾರ ಅರ್ಜೀನೂ ಆರು ವರ್ಷ ತಡೆದಿರ್ಲಿಲ್ಲ ಜಾನಕಿ.”

ಬಾಗೇಪಲ್ಲಿಯಿಂದ ಹಿಡಿದು ಬಂಗಾರಪೇಟೆಯವರೆಗೆ ಯಾವ ಹೆಣ್ಣಿಗೆ ಏನು ಬೇಕು ಅಂತ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತೇನೆ. ಇವಳಿಗೆ ಏನು ಬೇಕು ಅಂತ ಕೂತು ಯೋಚಿಸಿದೆ. ಬದನೆಕಾಯಿ ಇಷ್ಟವಿಲ್ಲ ಅನ್ನುವುದು ಬಿಟ್ಟು ಬೇರೇನೂ ಹೊಳೆಯಲಿಲ್ಲ.

೮ ಏಪ್ರಿಲ್, ಭಾನುವಾರ

ನಂದಿತಾ ನನ್ನೊಡನೆ ಮಾತಾಡುವುದಿಲ್ಲ. “ಅಪ್ಪ, ಉಪ್ಪು ಆ ಕಡೆ ಇದ್ಯಾ ಅಂತ ಕೇಳು” ಅನ್ನುತ್ತಾಳೆ. ಇವರು ಗಂಭೀರವಾಗಿ ನನ್ನ ಕಡೆ ತಿರುಗಿ ಕೇಳುತ್ತಾರೆ. ಉಪ್ಪು ಮೂವರ ನಡುವೆಯೇ ಇರುತ್ತದೆ.

ಟೊರಾಂಡೊಗೆ ಇನ್ನೊಂದು ದೂರು ಬರೆಯೋಣವೆಂದು ಕಾಗದ ತೆಗೆದುಕೊಂಡು ಕೂತೆ. ಏನು ಬರೆಯುವುದೆಂದು ತೋಚಲಿಲ್ಲ. ಸೆಖೆ ಜಾಸ್ತಿ.

ಒಂದು ವಿಚಿತ್ರ ನಡೆದಿದೆ. ಕೋಲಾರದ ಸೌಪರ್ಣಿಕಾ ಅನ್ನುವ ಹುಡುಗಿಯ ಜಾತಕದ ಹಿಂದೆ ‘ಎದುರು ಮಾತಾಡುತ್ತಾಳೆ, ಮಾತು ಸರಿಯಾಗಿರುತ್ತದೆ, ಅದೇ ತೊಂದರೆ’ ಎಂದು ಬರೆದಿದ್ದೆ. ಅದನ್ನು ಓದಿದ ಮನೆಯೊಂದರಿಂದ ಅವಳನ್ನು ಕೇಳಿಕೊಂಡು ಬಂದಿದ್ದಾರಂತೆ. ನಮ್ಮ ಹುಡುಗನಿಗೆ ಹೀಗೆ ಯಾರಾದರೂ ಹೇಳುವವರು ಬೇಕಿತ್ತು ಅಂದರಂತೆ ಹುಡುಗನ ತಾಯಿ. ಮುಂಬದಿಯನ್ನು ನೋಡಿ ಆರು ವರ್ಷದಿಂದ ಯಾರೂ ಬಂದಿರಲಿಲ್ಲ.

ಅವಳ ತಾಯಿ ನನಗೆ ಥ್ಯಾಂಕ್ಸ್ ಹೇಳಲು ಫೋನು ಮಾಡಿದರು. ಸೌಪರ್ಣಿಕಾ ಪಕ್ಕದಿಂದ ಫೋನು ಕಿತ್ತುಕೊಂಡು, “ಆಂಟಿ, ಸಂಬಂಧ ಬಂತು, ಸಂತೋಷ. ಆದ್ರೂ ನೀವು ಬರೆದಿದ್ದು ತಪ್ಪು” ಅಂದಳು.

ಮಾತು ಸರಿಯಾಗಿತ್ತು.

೧೫ ಏಪ್ರಿಲ್, ಭಾನುವಾರ

ಟ್ರಂಕಿಗೆ ಗೆದ್ದಲು ಹತ್ತುವ ಲಕ್ಷಣ ಕಂಡದ್ದರಿಂದ ಜಾತಕಗಳನ್ನು ಅವರವರಿಗೇ ಕೊಟ್ಟುಬಿಡುವುದೆಂದು ತೀರ್ಮಾನಿಸಿದೆ. ಬೇರೆ ಕಾರಣವೇನಿಲ್ಲ. ಗಂಡು ಹೆಣ್ಣು, ಮದುವೆಯಾಗಿ ಹೋದವರ ಹಳೆಯವೂ ಸೇರಿ ಮುನ್ನೂರ ನಲವತ್ತು. ಈ ವಾರ ಮುಳಬಾಗಿಲು, ಕೋಲಾರ ಮುಗಿಯಿತು, ಮಾಲೂರಿನವನ್ನು ಅಂಚೆಗೆ ಹಾಕಿದೆ. ಕೆಲವರು ಒಳಗೆ ಕರೆದು ಕಾಫಿ ಕೊಟ್ಟರು. ಕೆಲವರು ಬಾಗಿಲಲ್ಲೇ ಇಸಿದುಕೊಂಡು 'ಸರಿ' ಅಂದರು. ಎಲ್ಲರೂ ಮೊದಲು ಹಿಂದುಗಡೆ ತಿರುಗಿಸಿ ನೋಡಿದರು.

ಇವತ್ತು ಶ್ರೀನಿವಾಸಪುರ. ಶಾಮಲಮ್ಮನ ಬಾಗಿಲಲ್ಲಿ ಐದು ನಿಮಿಷ ನಿಂತಿದ್ದೆ. ಕೊನೆಗೆ ಅವಳೇ ನೋಡಿದಳು.

“ತಪ್ಪಾಯ್ತು ಶಾಮಲಾ,” ಅಂದೆ. “ಮಗಳ ವಿಷಯ ಒಂದೇ ಅಲ್ಲ. ಆವಾಗ ನಿನ್ನ ಕಡೆಗೆ ಬರೀ ದೋಷದ ಜಾತಕಗಳನ್ನೇ ಕಳಿಸ್ತಿದ್ದೆ.”

“ಗೊತ್ತಿತ್ತು ಬಿಡಿ ಅಕ್ಕ.”

“ಗೊತ್ತಿತ್ತಾ?”

“ಎರಡು ವರ್ಷ ಒಂದೂ ಸರಿಯಾದ ಜಾತಕ ಬರ್ದೇ ಇದ್ರೆ ಗೊತ್ತಾಗಲ್ವಾ? ಬುದ್ಧಿ ಇಲ್ದೋರು ನಮ್ಮನೆಯವ್ರು, ನಾನಲ್ಲ. ಅದನ್ನ ಮಾತ್ರ ನೀವು ಸರಿಯಾಗಿ ಬರ್ದಿದ್ರಿ.”

ಅವಳ ಗಂಡ ಅಲ್ಲೇ ಈಚಲು ಚಾಪೆಯ ಮೇಲೆ ಮಾವಿನಕಾಯಿ ಹೆಚ್ಚುತ್ತಿದ್ದರು. ನಮ್ಮಿಬ್ಬರನ್ನೂ ಒಮ್ಮೆ ನೋಡಿ ಹೆಚ್ಚುವುದನ್ನು ಮುಂದುವರಿಸಿದರು.

೧೬ ಏಪ್ರಿಲ್, ಸೋಮವಾರ

ನಂದಿತಾಳ ಜಾತಕವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಬೆಳಿಗ್ಗೆ ಅವಳು ಬಸ್ಸಿಗೆ ಹೊರಟಾಗ ಕೈಗೆ ಕೊಟ್ಟೆ. ಏನಾದರೂ ಹೇಳಬೇಕಿತ್ತು. ಬೀದಿಯಲ್ಲಿ ಜನರಿದ್ದರು.

“ನಿಂದು ಕಷ್ಟದ ಜಾತಕ ಅಲ್ಲ ಕಣೇ. ಯಾವತ್ತೂ ಅಲ್ಲ,” ಅಂದೆ.

ಚೀಲಕ್ಕೆ ಹಾಕಿಕೊಂಡಳು. “ಸಾರಿಗೆ ಉಪ್ಪು ಕಮ್ಮಿ ಇತ್ತು ನಿನ್ನೆ,” ಅಂದಳು. ಅಪ್ಪನಿಗೆ ಅಲ್ಲ, ನನಗೇ.

೨೦ ಏಪ್ರಿಲ್, ಶುಕ್ರವಾರ

ಅಂಚೆಯಲ್ಲಿ ಒಂದು ಲಕೋಟೆ ಬಂತು. ನಂದಿತಾ ಹೆಸರಿಗೆ. ಹಿಂದೆ ಕಳಿಸಿದವರ ಹೆಸರು, ಮುಕುಂದ್, ಲಕ್ಕೂರು. ಅವನ ತಾಯಿಯ ವಿಳಾಸವೂ ನಲವತ್ತಾರರಲ್ಲಿ ಇತ್ತಲ್ಲ. ತನ್ನ ವಿಷಯದಲ್ಲಿ ನಾನು ಬರೆದದ್ದನ್ನು ಅವನೂ ಓದಿರುತ್ತಾನೆ. ಇ-ಮೇಲಿನಲ್ಲಿ ಉತ್ತರ ಬರೆದರೆ ಊರಿಗೆಲ್ಲ ಹೋಗುತ್ತದೆಂದು ಹೆದರಿ ಅಂಚೆಗೆ ಹಾಕಿರಬೇಕು. ಇನ್ನೂ ಮದುವೆಯಾಗಿಲ್ಲ ಅಂತಾಯಿತು. ಅಥವಾ ಆಗಿದ್ದು ಬೈಯಲು ಬರೆದಿದ್ದಾನೋ. ಲಕೋಟೆ ದಪ್ಪವಾಗಿದೆ, ಬೈಗುಳಕ್ಕೆ ಅಷ್ಟು ಕಾಗದ ಬೇಕಾಗುವುದಿಲ್ಲ.

ಅಂಟು ಸರಿಯಾಗಿ ಹಾಕಿರಲಿಲ್ಲ. ಒಂದು ಮೂಲೆ ತಾನಾಗಿ ಬಿಟ್ಟುಕೊಂಡಿತ್ತು. ಹತ್ತಿರದಲ್ಲೇ ಒಲೆಯ ಮೇಲೆ ಇಡ್ಲಿ ಪಾತ್ರೆಯಿಂದ ಹಬೆ ಬರುತ್ತಿತ್ತು. ನಾನು ಲಕೋಟೆಯ ಎದುರು ಅರ್ಧ ಗಂಟೆ ಕೂತಿದ್ದೆ. ಇಡ್ಲಿ ಕಲ್ಲಾಯಿತು.

ಕೊನೆಗೆ ಎದ್ದು ಅನ್ನದ ಅಗುಳು ತಂದು ಆ ಮೂಲೆಯನ್ನು ಅಂಟಿಸಿದೆ. ಅವಳ ಮೇಜಿನ ಮೇಲಿಟ್ಟೆ.

೨೨ ಏಪ್ರಿಲ್, ಭಾನುವಾರ

ಅವಳು ಬೆಳಿಗ್ಗೆ ಏಳಕ್ಕೆ ಹೊರಟಳು. ಲಕ್ಕೂರಿಗೆ ಅಂತ ಹೇಳಿದಳು, ಯಾಕೆ ಅಂತ ಹೇಳಲಿಲ್ಲ. ಇವರು ಜೊತೆಗೆ ಬರಲಾ ಎಂದರು, ಬೇಡ ಅಪ್ಪ ಅಂದಳು. “ಬಿಸಿಲಿದೆ, ಕೊಡೆ ತಗೊಂಡೋಗೇ,” ಅಂದೆ ನಾನು. ತೆಗೆದುಕೊಂಡಳು. ಕೋಲಾರದಲ್ಲಿ ಬಸ್ಸು ಬದಲಿಸಬೇಕು, ಮಾಲೂರಿನಲ್ಲಿ ಇನ್ನೊಂದು.

ಲಕ್ಕೂರಿನಲ್ಲಿ ನನಗೆ ಗೊತ್ತಿರುವ ಮನೆಗಳು ಮೂರು. ಒಂದಕ್ಕೆ ಫೋನು ಮಾಡಿದರೆ ಹತ್ತು ನಿಮಿಷದಲ್ಲಿ, ಅವಳು ಯಾವ ಕುರ್ಚಿಯಲ್ಲಿ ಕೂತಿದ್ದಾಳೆ ಅನ್ನುವುದೂ ಗೊತ್ತಾಗುತ್ತಿತ್ತು. ಹನ್ನೊಂದು ಗಂಟೆಗೆ ಫೋನಿನ ಹತ್ತಿರ ಹೋದೆ. ಮಾಲೂರಿನ ಕೋಡ್ ಒತ್ತಿ ಇಟ್ಟುಬಿಟ್ಟೆ. ನಂಬರುಗಳ ಪುಸ್ತಕವನ್ನು ಇವರ ಕೈಗೆ ಕೊಟ್ಟು ಸಂಜೆಯವರೆಗೆ ಎಷ್ಟು ಕೇಳಿದರೂ ಕೊಡಬೇಡಿ ಅಂದೆ. ಇವರು ಅದನ್ನು ತಲೆಯ ಕೆಳಗಿಟ್ಟುಕೊಂಡು ಮಲಗಿದರು. ಎರಡು ಗಂಟೆಗೆ ಕೇಳಿದೆ, ಮೂರೂವರೆಗೆ ಕೇಳಿದೆ. ಗೊರಕೆ ಹೊಡೆದರು. ನಿಜವಾದ ಗೊರಕೆಯಲ್ಲ, ನನಗೆ ಗೊತ್ತು.

ಆರು ಗಂಟೆಗೆ ಬಂದಳು. ಕಾಲು ತೊಳೆದಳು. ಕಾಫಿ ಕೊಟ್ಟೆ. ನಾನು ಏನನ್ನೂ ಕೇಳಲಿಲ್ಲ. ಕೇಳದೆ ಇರುವುದು ಇಷ್ಟು ಆಯಾಸದ ಕೆಲಸವೆಂದು ಗೊತ್ತಿರಲಿಲ್ಲ, ಬೆವರು ಬಂತು. ಲೋಟ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ಕಟ್ಟೆಯ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಅವಳೇ ಬಂದು ಪಕ್ಕದಲ್ಲಿ ಕೂತಳು. “ಅಮ್ಮ,” ಅಂದಳು. ಆಮೇಲೆ ಎಲ್ಲ ಹೇಳಿದಳು. ಬಹಳ ಹೊತ್ತು ಹೇಳಿದಳು. ಒಂದು ಕಡೆ ನಾನು ಅತ್ತೆ, ಒಂದು ಕಡೆ ಇಬ್ಬರೂ ನಕ್ಕೆವು.

ಅವಳು ಹೇಳಿದ್ದು ಅವಳದು. ಇಲ್ಲಿ ಬರೆಯುವುದಿಲ್ಲ.

ಮುಂದಿನ ಭಾನುವಾರಕ್ಕೆ ಮೂರು ಲೀಟರ್ ಹಾಲು ಹೆಚ್ಚಿಗೆ ಬೇಕೆಂದು ಮುನಿಲಕ್ಷ್ಮಿಗೆ ಹೇಳಬೇಕು. ಯಾರಾದರೂ ಬರ್ತಾರಾ ಅಮ್ಮಾ ಅಂತ ಅವಳು ಕೇಳದೆ ಬಿಡುವುದಿಲ್ಲ. ನನಗೇನೂ ಗೊತ್ತಿಲ್ಲ, ಮಗಳನ್ನೇ ಕೇಳು ಅನ್ನುತ್ತೇನೆ.